ಟೆರೇಸಿನ ಕೀಲಿಕೈ ಯಾರ ಹತ್ತಿರ ಇದೆ?

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಮಹಿಳಾ ವಿಭಾಗ ಹಾಗೂ ಯುವ ವಿಭಾಗದವರಿಗೆ, ಸಂಘಗಳು ನಡೆಸುವ ಶಾಲೆಗಳ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ



ಡೊಂಬಿವಲಿ ಪೂರ್ವದಲ್ಲಿ ಎರಡು ವಿಂಗಿನ ಒಂದು ಸೊಸೈಟಿ. ಒಂದು ದೀಪಾವಳಿಯ ಹೊತ್ತಿಗೆ ಅದರ ಟೆರೇಸಿಗೆ 10 ಕಿಲೋವ್ಯಾಟ್ ಸೋಲಾರ್ ಬಂತು. ತೆಂಗಿನಕಾಯಿ ಒಡೆದದ್ದಾಯಿತು, ಪೇಡೆ ಹಂಚಿದ್ದಾಯಿತು, ಕಮಿಟಿಯವರು ಪ್ಯಾನೆಲ್‌ಗಳ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡದ್ದೂ ಆಯಿತು. ಆಮೇಲೆ ಟೆರೇಸಿನ ಬಾಗಿಲಿಗೆ ಎಂದಿನಂತೆ ಬೀಗ. ಇನ್‌ವರ್ಟರಿನ ಹಸಿರು ದೀಪ ಉರಿಯುತ್ತಿತ್ತು. ಹಸಿರು ಉರಿಯುತ್ತಿದೆ ಅಂದಮೇಲೆ ಎಲ್ಲ ಸರಿಯಾಗಿದೆ ಎಂದೇ ಎಲ್ಲರೂ ಅಂದುಕೊಂಡರು.

ಜನವರಿಯಲ್ಲಿ ಬಿ ವಿಂಗಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು. ಅವಳು ಸೆಕ್ರೆಟರಿಯ ಮನೆಯಿಂದ ಕೀಲಿಕೈ ಇಸಿದುಕೊಂಡು ದಿನಾ ಸಂಜೆ ಮೇಲೆ ಹೋಗಿ, ಇನ್‌ವರ್ಟರಿನ ಪರದೆ ನೋಡಿ, ಆ ದಿನದ ಯೂನಿಟ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. 20.4. 19.8. 20.6. 20.1. ಹನ್ನೊಂದು ದಿನ ಬರೆದ ಮೇಲೆ ಲಿಫ್ಟಿನ ಹತ್ತಿರ ಸೆಕ್ರೆಟರಿಯನ್ನು ತಡೆದು ಕೇಳಿದಳು: "ಅಂಕಲ್, ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಅಂತ ಟೀಚರ್ ಹೇಳಿದ್ರು. ನಮ್ದು ಹತ್ತು ಕಿಲೋವ್ಯಾಟ್. ಮತ್ತೆ ಇಪ್ಪತ್ತೇ ಯಾಕೆ ಬರ್ತದೆ?" ಸೆಕ್ರೆಟರಿ ಮೋಡ ಇರಬೇಕು ಅಂದರು. ಜನವರಿಯ ಡೊಂಬಿವಲಿಯಲ್ಲಿ ಮೋಡ!

ಕಡೆಗೆ ಮೆಕ್ಯಾನಿಕ್ ಬಂದು ಪೆಟ್ಟಿಗೆ ಬಿಚ್ಚಿದ. ಪ್ಯಾನೆಲ್‌ಗಳ ಎರಡು ಸಾಲುಗಳಲ್ಲಿ ಒಂದರ ಫ್ಯೂಸ್ ಸುಟ್ಟು ಕಪ್ಪಾಗಿತ್ತು. ಇನ್‌ವರ್ಟರಿನ ಹಳೆಯ ದಾಖಲೆ ತೆಗೆದು ನೋಡಿದರೆ ನವೆಂಬರ್ ಮಧ್ಯದಿಂದಲೇ ಅರ್ಧ ಟೆರೇಸು ಸುಮ್ಮನೆ ಬಿಸಿಲು ಕಾಯಿಸುತ್ತಾ ಕೂತಿತ್ತು. ಎಪ್ಪತ್ತು ದಿನ, ದಿನಕ್ಕೆ ಇಪ್ಪತ್ತು ಯೂನಿಟ್, ಒಟ್ಟು 1,400 ಯೂನಿಟ್ ಮಣ್ಣುಪಾಲು. ಹೊಸ ಫ್ಯೂಸಿನ ಬೆಲೆ ಒಂದು ಮಸಾಲೆ ದೋಸೆ, ಒಂದು ಕಾಫಿಯಷ್ಟು. ಕೆಲಸ ಸರಿಯಾಗಿ ಮುಗಿದಿದೆ ಎಂದು ಆ ಕಮಿಟಿಯಲ್ಲಿ ಸಹಿ ಹಾಕಿದವರಲ್ಲಿ ಈ ಪತ್ರ ಬರೆಯುತ್ತಿರುವವನೂ ಒಬ್ಬ. ಆ ನಾಚಿಕೆಯೇ ಈ ಪತ್ರಕ್ಕೆ ಕಾರಣ.

ಸೋಲಾರ್ ಮಾತು ಈಗ ಎಲ್ಲ ಸೊಸೈಟಿಯ ಎಜಿಎಮ್ಮಿನಲ್ಲೂ ಬರುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಬಜೆಟ್. ಸ್ವಂತ ಸೂರು ಇದ್ದವರಿಗೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಬ್ಸಿಡಿ. ಫ್ಲ್ಯಾಟಿನವರಿಗೂ ಪಾಲಿದೆ: ಸೊಸೈಟಿಯ ಲಿಫ್ಟು, ಪಂಪು, ಮೆಟ್ಟಿಲಿನ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಈ ಊರುಗಳಿಗಂತೂ ಬಿಸಿಲಿನ ಲೆಕ್ಕ ಹೊಸದಲ್ಲ. 2008ರಲ್ಲಿ ಶುರುವಾದ ಕೇಂದ್ರದ ಸೋಲಾರ್ ಸಿಟಿ ಕಾರ್ಯಕ್ರಮದಲ್ಲಿ ಥಾಣೆ, ಕಲ್ಯಾಣ-ಡೊಂಬಿವಲಿ ಎರಡೂ ಸೇರಿದ್ದವು. ಹೊಸ ಕಟ್ಟಡಕ್ಕೆ ಸೋಲಾರ್ ನೀರಿನ ಹೀಟರ್ ಬೇಕೇ ಬೇಕೆಂದು ಎರಡೂ ಪಾಲಿಕೆಗಳು ಮೊದಲಲ್ಲೇ ನಿಯಮ ಮಾಡಿದವು.

ಹಾಗಾಗಿ ಸಂಘಗಳೂ ಇವತ್ತಲ್ಲ ನಾಳೆ ತಮ್ಮ ಭವನದ ಮೇಲೆ, ಶಾಲೆಯ ಮೇಲೆ ಪ್ಯಾನೆಲ್ ಕೂರಿಸುತ್ತವೆ. ಹಣ ಕೂಡಿಸುವುದು ಇಲ್ಲಿನ ಸಂಘಗಳಿಗೆ ನೀರು ಕುಡಿದಷ್ಟು ಸುಲಭ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತದೆ, ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ಶಾಲೆ ಕಟ್ಟಿದೆ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘವಿದೆ. ದಾನಿಗಳ ಹೆಸರಿನ ಅಮೃತಶಿಲೆ ಫಲಕಕ್ಕೂ ಗೋಡೆಯಲ್ಲಿ ಜಾಗ ಸಿಕ್ಕೀತು. ಆದರೆ ಪ್ಯಾನೆಲ್ ಕೂರಿಸುವ ಮೊದಲು ಒಂದು ವರ್ಷ ಪುಟ್ಟದೊಂದನ್ನು ಕೈಯಾರೆ ಮುಟ್ಟಿ ಅಳೆದು ನೋಡುವ ಕಲಿಕೆ ಟೆರೇಸಿನ ಮೇಲೆ ನಡೆಯಲಿ. ಇಷ್ಟೇ ಇಲ್ಲಿನ ಕೋರಿಕೆ. ಭಾಷಣ ಬೇಡ, ಪವರ್‌ಪಾಯಿಂಟೂ ಬೇಡ.

ಕೈಯಾರೆ ಕಲಿಯುವುದೆಂದರೇನು ಎಂದು ಮುಂಬಯಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರಾವಳಿಯಿಂದ ಬಂದ ಹುಡುಗ ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಿದ, ಆಮೇಲೆ ತಟ್ಟೆ ಹೊತ್ತ, ಮತ್ತೆ ಗಲ್ಲೆಯಲ್ಲಿ ಕೂತ. ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ. ದೋಸೆ ಕಾವಲಿ ಎಷ್ಟು ಕಾದಿದೆ ಎಂದು ನೋಡುವುದಕ್ಕೆ ಅವನಿಗೆ ಥರ್ಮಾಮೀಟರ್ ಬೇಕಾಗಲಿಲ್ಲ. ನೀರು ಚಿಮುಕಿಸಿದ, ಚೊಂಯ್ ಎಂದ ಸದ್ದಿನಲ್ಲೇ ತಿಳಿದುಕೊಂಡ. ಅದೇ ಹುಡುಗ ಇಂದು ಹೋಟೆಲಿನ ಮಾಲಕ, ಸೊಸೈಟಿಯ ಚೇರ್‌ಮನ್. ಲಕ್ಷಾಂತರ ರೂಪಾಯಿಯ ಸೋಲಾರಿಗೆ ಸಹಿ ಹಾಕುವಾಗ ಮಾತ್ರ ಕಂಪನಿಯವನು ತಂದ ಬಣ್ಣದ ಕಾಗದವನ್ನು ಹಾಗೆಯೇ ನಂಬಿಬಿಡುತ್ತಾನೆ.

ಸೂರ್ಯನಿಂದ ನಡೆಯುವ ಮನೆಯನ್ನು ಕಟ್ಟಿ, ಅದರಲ್ಲೇ ಇದ್ದು, ಅಳೆದು ಕಲಿಯುವ ದೊಡ್ಡ ಪ್ರಯೋಗವೊಂದು ಥಾಣೆಯಿಂದ ಅನತಿ ದೂರದಲ್ಲೇ ಆಗಿದೆ. ಪೊವಾಯಿಯ ಐಐಟಿ ಬಾಂಬೆಯ ವಿದ್ಯಾರ್ಥಿಗಳೂ ಪ್ರಭಾದೇವಿಯ ರಚನಾ ಸಂಸದ್‌ನ ವಾಸ್ತುಶಿಲ್ಪ ವಿದ್ಯಾರ್ಥಿಗಳೂ ಸೇರಿ 'ಟೀಮ್ ಶೂನ್ಯ' ಎಂಬ ತಂಡ ಕಟ್ಟಿದರು. 2014ರ ಬೇಸಗೆಯಲ್ಲಿ ಫ್ರಾನ್ಸಿನ ವರ್ಸಾಯ್‌ನಲ್ಲಿ ನಡೆದ ಸೋಲಾರ್ ಡೆಕಾಥ್ಲಾನ್ ಯುರೋಪಿಗೆ ಅವರು 'ಎಚ್ ನಾಟ್' ಎಂಬ ಮನೆಯನ್ನು ಒಯ್ದರು. ಭಾರತದಿಂದ ಆ ಸ್ಪರ್ಧೆಗೆ ಹೋದ ಮೊದಲ ತಂಡ ಅದು. ಇಪ್ಪತ್ತು ತಂಡಗಳು, ಇಪ್ಪತ್ತು ಮನೆಗಳು. ಗೆದ್ದದ್ದು ರೋಮಿನವರು. ಇಲ್ಲಿ ಕುತೂಹಲದ ಸಂಗತಿ ಗೆಲುವಲ್ಲ, ಪರೀಕ್ಷೆ ನಡೆಯುವ ಬಗೆ.

ಈ ಸ್ಪರ್ಧೆಯನ್ನು 2002ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುಮಾಡಿದ್ದು ಅಮೆರಿಕದ ಇಂಧನ ಇಲಾಖೆ. ಡೆಕಾಥ್ಲಾನ್ ಎಂದರೆ ಹತ್ತು ಪಂದ್ಯ. ಮನೆ ಚೆಂದವೋ ಇಲ್ಲವೋ ಎಂದು ತೀರ್ಪುಗಾರರು ನೋಡಿ ಹೇಳುವುದು ಅದರಲ್ಲಿ ಒಂದು ಭಾಗ ಅಷ್ಟೆ. ಉಳಿದದ್ದು ಸಂಸಾರ ಮಾಡಿ ತೋರಿಸುವುದು: ಬಟ್ಟೆ ಒಗೆಯಬೇಕು, ನೀರು ಕಾಯಿಸಬೇಕು, ಅಡುಗೆ ಮಾಡಬೇಕು, ಫ್ರಿಜ್ ತಣ್ಣಗಿರಬೇಕು, ಒಳಗಿನ ಸೆಕೆಯೂ ತೇವವೂ ಗೊತ್ತಾದ ಗೆರೆಯೊಳಗೇ ನಿಲ್ಲಬೇಕು, ಪಕ್ಕದ ತಂಡದವರನ್ನು ಊಟಕ್ಕೂ ಕರೆಯಬೇಕು. ಇದೆಲ್ಲ ಆಗುವಾಗ ಗೋಡೆಯಲ್ಲಿ ಕೂತ ಸಂವೇದಕಗಳು ಒಂದೇ ಸಮನೆ ಅಂಕ ಬರೆಯುತ್ತಿರುತ್ತವೆ. ಮನೆ ಉತ್ಪಾದಿಸಿದ್ದೆಷ್ಟು, ತಿಂದದ್ದೆಷ್ಟು, ಲೆಕ್ಕ ಚುಕ್ತಾ ಆಗಬೇಕು. ಮೂರು ದಿನ ಮೋಡ ಮುಸುಕಿದರೆ ತಂಡದ ಕ್ಯಾಪ್ಟನ್ ಗೃಹಿಣಿಯ ಹಾಗೆ ಯೋಚಿಸಬೇಕು: ಇವತ್ತು ಒಗೆಯುವುದೋ ನಾಳೆಗಿಡುವುದೋ?

ಇಂಥ ಪಾಠ ಪುಸ್ತಕದಲ್ಲಿ ಸಿಗುವುದಿಲ್ಲ. ಟೀಮ್ ಶೂನ್ಯದ ಮುಂದಿನ ತಂಡ 2018ರಲ್ಲಿ ಚೀನಾದ ದೆಝೌನಲ್ಲಿ ಮತ್ತೊಂದು ಮನೆ ಕಟ್ಟಿತು. ಈಗಂತೂ ವಿದೇಶಕ್ಕೆ ಹೋಗಬೇಕಾದ ಅಗತ್ಯವೂ ಇಲ್ಲ. ಬೆಂಗಳೂರಿನ ಐಐಎಚ್‌ಎಸ್ ಸಂಸ್ಥೆಯೂ ಸೇರಿ ನಡೆಸುವ ಸೋಲಾರ್ ಡೆಕಾಥ್ಲಾನ್ ಇಂಡಿಯಾ 2020ರಿಂದ ಇದೆ. ಕಾಲೇಜು ಮಕ್ಕಳ ತಂಡಗಳು ಅದರಲ್ಲಿ ನಿಜವಾದ ಬಿಲ್ಡರನ ನಿಜವಾದ ಪ್ರಾಜೆಕ್ಟನ್ನೇ ಕೈಗೆತ್ತಿಕೊಂಡು, ತಾನು ಬಳಸುವಷ್ಟನ್ನು ತಾನೇ ಉತ್ಪಾದಿಸುವ ಕಟ್ಟಡವಾಗಿ ಅದನ್ನು ತಿದ್ದುತ್ತವೆ. ಈ ನಾಲ್ಕು ಊರುಗಳಲ್ಲಿ ಎಷ್ಟು ಕನ್ನಡಿಗ ಬಿಲ್ಡರುಗಳಿದ್ದಾರೆ ಎನ್ನುವುದು ಸಂಘಗಳ ದಾನಿಗಳ ಪಟ್ಟಿ ನೋಡಿದರೆ ತಿಳಿಯುತ್ತದೆ. ಅವರಲ್ಲಿ ಒಬ್ಬರಾದರೂ ತಮ್ಮ ನಕ್ಷೆಯನ್ನು ಒಂದು ವಿದ್ಯಾರ್ಥಿ ತಂಡದ ಮುಂದೆ ಬಿಚ್ಚಿಟ್ಟರೆ ಸನ್ಮಾನದ ಶಾಲಿಗಿಂತ ಅದು ಬೆಚ್ಚಗಿದ್ದೀತು.

ಸೋಲಾರ್ ಮನೆ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಪ್ಯಾನೆಲ್. ಕಲಿಕೆ ಶುರುವಾಗಬೇಕಾದ್ದು ಗೋಡೆ, ಕಿಟಕಿ, ಮಾಡಿನಿಂದ. ಪ್ಯಾನೆಲ್ ಗಳಿಸುತ್ತದೆ, ಮನೆ ಖರ್ಚು ಮಾಡುತ್ತದೆ. ಖರ್ಚು ಹಿಡಿತದಲ್ಲಿಲ್ಲದ ಮನೆಗೆ ಎಷ್ಟು ಗಳಿಕೆಯಿದ್ದರೇನು? ಊರಿನಲ್ಲಿ ಅಜ್ಜನ ಮನೆ ಹೇಗಿತ್ತು ಎಂದು ನೆನಪು ಮಾಡಿಕೊಂಡರೂ ಸಾಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳು ಕೆಂಪಾದವು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೆದ್ದು ಹೋಗುತ್ತಿತ್ತು, ನಡುವೆ ಅಟ್ಟ ಸೆಕೆಯನ್ನು ತಡೆಯುತ್ತಿತ್ತು, ಮುಂದಕ್ಕೆ ಚಾಚಿದ ಮಾಡು ಗೋಡೆಗೆ ಬಿಸಿಲು ಬೀಳಗೊಡುತ್ತಿರಲಿಲ್ಲ, ಅಡುಗೆಮನೆಯ ಮೇಲೆ ಒಂದೆರಡು ಗಾಜಿನ ಹೆಂಚು ಹಗಲಿಡೀ ಬೆಳಕು ಕೊಡುತ್ತಿತ್ತು. ಆ ಮನೆಯ ಮೊಮ್ಮಗ ಡೊಂಬಿವಲಿಯಲ್ಲಿ ಮೇಲಿನ ಮಾಳಿಗೆಯ ಫ್ಲ್ಯಾಟಿನಲ್ಲಿದ್ದಾನೆ. ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತಕ್ಕೆ ಅವನ ಹಾಸಿಗೆಯ ಮೇಲೆ ಇಳಿಸುತ್ತದೆ. ಪಶ್ಚಿಮದ ಗೋಡೆ ಏಳು ಗಂಟೆಗೂ ಕೈಯಿಟ್ಟರೆ ಬೆಚ್ಚಗೆ. ಅವನು ಎಸಿ ಹಾಕುತ್ತಾನೆ, ಆಮೇಲೆ ಎಸಿಯ ಬಿಲ್ಲಿಗೆ ಸೋಲಾರ್ ಕೇಳುತ್ತಾನೆ.

ಅಜ್ಜನ ಮನೆಯನ್ನು ಹೊಗಳಿ ಕಣ್ಣೀರು ಹಾಕುವುದು ಇಲ್ಲಿನ ಉದ್ದೇಶವಲ್ಲ. ಅದರಲ್ಲಿ ಇಲಿ, ಗೆದ್ದಲು, ಮಳೆಗಾಲದ ಸೋರಿಕೆ ಎಲ್ಲ ಇತ್ತು. ಆದರೆ ಅದೇ ಬುದ್ಧಿಯನ್ನು ಹೊಸ ಊರಿನಲ್ಲಿ ಬಳಸಿದ ಉದಾಹರಣೆ ಬೇಲಾಪುರದಲ್ಲಿದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ಆರ್ಟಿಸ್ಟ್ಸ್ ವಿಲೇಜ್ ಅದು. ಸುಮಾರು ಎಂಟು ಮೀಟರ್ ಚೌಕದ ಒಂದು ಅಂಗಳ, ಅದರ ಸುತ್ತ ಏಳು ಮನೆ. ಪ್ರತಿ ಮನೆಗೂ ಆಕಾಶಕ್ಕೆ ತೆರೆದ ತನ್ನದೇ ಜಾಗ. ಒಂದರ ಗೋಡೆ ಇನ್ನೊಂದಕ್ಕೆ ಅಂಟಿಲ್ಲ, ಹಾಗಾಗಿ ಬೇಕಾದವರು ಬೇಕಾದಂತೆ ಬೆಳೆಸಿಕೊಳ್ಳಬಹುದು. ಕಳೆದ ದಶಕಗಳಲ್ಲಿ ಜನ ಚೆನ್ನಾಗಿಯೇ ಬೆಳೆಸಿಕೊಂಡಿದ್ದಾರೆ, ಕೆಲವು ಮನೆಗಳನ್ನು ಕೊರಿಯಾ ನೋಡಿದ್ದರೆ ಗುರುತು ಹಿಡಿಯುತ್ತಿದ್ದರೋ ಇಲ್ಲವೋ. ನವಿಮುಂಬಯಿ ಸಂಘದ ಯುವ ವಿಭಾಗದವರು ಎರಡು ಥರ್ಮಾಮೀಟರ್ ಹಿಡಿದು ಏಪ್ರಿಲಿನ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಲಿ. ಒಂದನ್ನು ಹೊರಗಿನ ಡಾಂಬರು ರಸ್ತೆಯ ಪಕ್ಕ, ಇನ್ನೊಂದನ್ನು ಮರವಿರುವ ಅಂಗಳದಲ್ಲಿ ನೆರಳಿಗೆ ತೂಗುಹಾಕಿ ಗಂಟೆಗೊಮ್ಮೆ ಬರೆದುಕೊಳ್ಳಲಿ. ಪಿಕ್‌ನಿಕ್ಕೂ ಆದೀತು.

ಇನ್ನು ಟೆರೇಸು. ಇಲ್ಲಿ ಒಂದು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು, ಏಕೆಂದರೆ ಮಾರುವವರು ಹೇಳುವುದಿಲ್ಲ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು. 28 ಫ್ಲ್ಯಾಟಿನ ಒಂದು ಕಟ್ಟಡದ ಟೆರೇಸು 300 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ನೀರಿನ ಟಾಂಕಿ, ಲಿಫ್ಟಿನ ಕೋಣೆ, ಅವುಗಳ ನೆರಳು, ಓಡಾಡುವ ದಾರಿ ಕಳೆದರೆ ಕೈಗೆ ಸಿಗುವುದು ಅರ್ಧ. 15 ಕಿಲೋವ್ಯಾಟ್, ತಿಂಗಳಿಗೆ ಸುಮಾರು 1,800 ಯೂನಿಟ್. ಪ್ರತಿ ಫ್ಲ್ಯಾಟು ತಿಂಗಳಿಗೆ 200 ಯೂನಿಟ್ ಸುಟ್ಟರೂ ಬೇಕಾದದ್ದು 5,600. ಅಂದರೆ ಈ ಟೆರೇಸು 28 ಸಂಸಾರ ಸಾಕಲಾರದು. ಲಿಫ್ಟು, ಪಂಪು, ಮೆಟ್ಟಿಲಿನ ದೀಪವನ್ನು ಸಾಕೀತು. ಘೋಡ್‌ಬಂದರ್ ರಸ್ತೆಯ ಮೂವತ್ತು ಮಾಳಿಗೆಯ ಟವರಿಗೆ ಅದೂ ಕಷ್ಟ. ಊರಿನ ಒಂಟಿ ಮನೆಯ ಸೋಲಾರ್ ಕನಸನ್ನು ಟವರಿಗೆ ತಂದು ಮಾರಿದರೆ ನಿರಾಸೆ ಖಂಡಿತ. ಹತ್ತನೇ ಕ್ಲಾಸಿನ ಮಕ್ಕಳು ಅಳತೆಯ ಟೇಪು ಹಿಡಿದು ಒಂದು ಭಾನುವಾರದಲ್ಲಿ ಮಾಡಿ ಮುಗಿಸುವ ಲೆಕ್ಕವಿದು.

ನೆರಳಿನ ಪಾಠಕ್ಕೆ ಹತ್ತು ವ್ಯಾಟಿನ ಒಂದು ಪುಟ್ಟ ಪ್ಯಾನೆಲ್, ಒಂದು ಮಲ್ಟಿಮೀಟರ್ ಸಾಕು. ಎರಡೂ ಸೇರಿ ಒಂದು ಹೂಮಾಲೆ-ಶಾಲಿನ ಖರ್ಚು. ಪ್ಯಾನೆಲನ್ನು ಬಿಸಿಲಿಗೆ ಹಿಡಿದು ಮೀಟರ್ ಮುಟ್ಟಿಸಿದರೆ ಇಪ್ಪತ್ತು ವೋಲ್ಟ್ ಮಿಕ್ಕಿ ತೋರಿಸುತ್ತದೆ. ಮೀಟರನ್ನು ಆಂಪಿಯರಿಗೆ ತಿರುಗಿಸಿದರೆ ಅರ್ಧ ಆಂಪಿಯರ್ ಆಸುಪಾಸು. ಈಗ ಒಂದೇ ಒಂದು ಸೆಲ್ಲಿನ ಮೇಲೆ ಅಂಗೈ ಇಡಬೇಕು. ವೋಲ್ಟು ಹೆಚ್ಚೇನೂ ಕದಲುವುದಿಲ್ಲ. ಕರೆಂಟು ಮಾತ್ರ ತಟ್ಟನೆ ನೆಲ ಕಚ್ಚುತ್ತದೆ. ಮೂವತ್ತಾರು ಸೆಲ್ಲುಗಳು ಒಂದರ ಹಿಂದೆ ಒಂದು ಕೈಹಿಡಿದು ನಿಂತ ಸರಪಳಿ ಅದು. ಒಬ್ಬ ನಿಂತರೆ ಎಲ್ಲರೂ ನಿಂತರು. ಮನೆಮೇಲಿನ ದೊಡ್ಡ ಪ್ಯಾನೆಲ್‌ಗಳಲ್ಲಿ ಅಡ್ಡದಾರಿಯ ಡಯೋಡುಗಳಿರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ಒಂದು ಸೆಲ್ಲಿನ ನೆರಳಿಗೆ ಪ್ಯಾನೆಲಿನ ಮೂರರಲ್ಲೊಂದು ಪಾಲು ಹೋದೀತು. ಪಕ್ಕದ ಡಿಶ್ ಆಂಟೆನಾ, ಒಣಹಾಕಿದ ಸೀರೆ, ಕೇಬಲಿನವನು ಎಳೆದ ವಯರು, ಇವೆಲ್ಲ ಎಷ್ಟು ದುಬಾರಿ ಎಂದು ಅಂಗೈ ಇಟ್ಟು ನೋಡಿದ ಮಗು ಯಾವತ್ತೂ ಮರೆಯುವುದಿಲ್ಲ.

ಇದನ್ನು ಮಾಡಲು ಸಂಕ್ರಾಂತಿಯ ಅರಶಿನ ಕುಂಕುಮದ ದಿನ ಹೇಳಿ ಮಾಡಿಸಿದ್ದು. ಆಕಾಶ ಶುಭ್ರ, ಮಹಿಳಾ ವಿಭಾಗದವರು ಹೇಗೂ ಸೇರಿರುತ್ತಾರೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಕಲ್ಯಾಣದ ನಡುಮಧ್ಯಾಹ್ನದ ಸೂರ್ಯ ನೆಲದಿಂದ 47 ಡಿಗ್ರಿ ಮಾತ್ರ ಏರುತ್ತಾನೆ. ಹತ್ತು ಅಡಿ ಎತ್ತರದ ಟಾಂಕಿ ಉತ್ತರಕ್ಕೆ ಒಂಬತ್ತು ಅಡಿಗೂ ಮಿಕ್ಕಿ ನೆರಳು ಚಾಚುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಉದ್ದ. ಸಂಕ್ರಾಂತಿಗೂ ಹೆಚ್ಚು ಕಡಿಮೆ ಹಾಗೆಯೇ. ರಂಗೋಲಿ ಹಿಟ್ಟು ಹಿಡಿದು ಗಂಟೆಗೊಮ್ಮೆ ಆ ನೆರಳಿನ ಅಂಚನ್ನು ಟೆರೇಸಿನ ಮೇಲೆ ಬರೆದರೆ ಸಂಜೆಗೆ ಪ್ಯಾನೆಲ್ ಎಲ್ಲಿ ಬೇಡ ಎನ್ನುವ ನಕ್ಷೆ ಸಿದ್ಧ. ಯಾವ ಸಾಫ್ಟ್‌ವೇರೂ ಇದಕ್ಕಿಂತ ಚೆಂದ ಬಿಡಿಸಲಾರದು.

ಮೇ ತಿಂಗಳ ಮಧ್ಯಕ್ಕೆ ಆಟ ತಿರುಗುತ್ತದೆ. ಮೇ 16-17ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಈ ಊರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ; ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ ಎಂದು ನಂಬಿದವರಿಗೆ ಅದೊಂದು ಅಚ್ಚರಿ. ನೆರಳಿಲ್ಲದ ಆ ದಿನ ಹಳೆಯ ಹೋಟೆಲ್ ಪ್ರಯೋಗ ಮಾಡಬೇಕು: ಕಾದ ಪ್ಯಾನೆಲಿನ ಮೇಲೆ ನೀರು ಚಿಮುಕಿಸುವುದು. ಪ್ಯಾನೆಲಿನ ಹಿಂಬದಿಯಲ್ಲಿ ಬರೆದಿರುವ ವ್ಯಾಟು 25 ಡಿಗ್ರಿಯಲ್ಲಿ ಅಳೆದದ್ದು. ಮೇ ತಿಂಗಳ ಟೆರೇಸಿನಲ್ಲಿ ಪ್ಯಾನೆಲ್ 60 ಡಿಗ್ರಿ ದಾಟುತ್ತದೆ, ಏರಿದ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಸುಡುಬಿಸಿಲಿನಲ್ಲೇ ಹತ್ತರಲ್ಲೊಂದು ಪಾಲು ಮಾಯ. ಪುಟ್ಟ ಪ್ಯಾನೆಲಿಗೆ ಒದ್ದೆ ಬಟ್ಟೆ ಒರೆಸಿದರೆ ಕಣ್ಣೆದುರೇ ವೋಲ್ಟು ಒಂದರಷ್ಟು ಏರುವುದು ಕಾಣುತ್ತದೆ. ಬಿಸಿಲು ಬೇರೆ, ಸೆಕೆ ಬೇರೆ ಎನ್ನುವುದು ಅಲ್ಲಿ ಬೆರಳ ತುದಿಗೆ ತಾಗುತ್ತದೆ. ಥಾಣೆ ಜಿಲ್ಲೆಯ ಟೆರೇಸುಗಳಲ್ಲೆಲ್ಲ ಈಗ ಸೋರುವಿಕೆಗೆ ಪತ್ರಾ ಶೆಡ್ ಹಾಕಿರುತ್ತಾರಲ್ಲ, ಅದಕ್ಕೇ ಪ್ಯಾನೆಲ್ ಅಂಟಿಸಿದರೆ ಕೆಳಗೆ ಗಾಳಿಯಾಡದೆ ಇನ್ನೂ ಕಾಯುತ್ತದೆ. ಗೇಣು ಎತ್ತರಿಸಬೇಕು. ಎತ್ತರಿಸಿದರೆ ಗಾಳಿಗೆ ಹಾರದಂತೆ ಬಿಗಿಯಬೇಕು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಪತ್ರಾಗಳನ್ನು ಹಪ್ಪಳದಂತೆ ಹಾರಿಸಿದ್ದನ್ನು ಇಲ್ಲಿನವರು ಮರೆತಿರಲಾರರು.

ಆಮೇಲೆ ಬರುವುದು ಆಟಿ, ತುಳುವರ ಮಳೆಗಾಲದ ತಿಂಗಳು. ಸಂಘಗಳಲ್ಲಿ 'ಆಟಿಡೊಂಜಿ ದಿನ'ಕ್ಕೆ ಪತ್ರೊಡೆ, ಹಲಸಿನ ಬೀಜ, ಪಾಲೆ ಕಷಾಯ ಎಲ್ಲ ಆಗುತ್ತದೆ. ಅವತ್ತೇ ಅದೇ ಪ್ಯಾನೆಲನ್ನು ಹೊರಗೆ ಹಿಡಿಯಲಿ. ದಟ್ಟ ಮೋಡದಲ್ಲಿ ಕರೆಂಟು ಜನವರಿಯ ಐದರಲ್ಲೊಂದಕ್ಕೋ ಹತ್ತರಲ್ಲೊಂದಕ್ಕೋ ಇಳಿದಿರುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ವರ್ಷದ ಸರಾಸರಿ ನಾಲ್ಕು ಯೂನಿಟ್ ಎಂದರೆ ಜುಲೈಯಲ್ಲೂ ನಾಲ್ಕು ಎಂದಲ್ಲ. ಕಂಪನಿಯವರ ಹಾಳೆಯಲ್ಲಿ ಹನ್ನೆರಡು ತಿಂಗಳಿಗೂ ಒಂದೇ ಅಂಕಿ ಇದ್ದರೆ ಅಲ್ಲೇ ಪ್ರಶ್ನೆ ಕೇಳಬೇಕು.

ಡೊಂಬಿವಲಿಯವರಿಗೆ ಮಾತ್ರ ಇನ್ನೊಂದು ಪಾಠ ಪುಕ್ಕಟೆ: ಧೂಳು. 2014ರ ಜನವರಿಯಲ್ಲಿ ಈ ಊರಿನಲ್ಲಿ ಹಸಿರು ಮಳೆ ಬಿತ್ತು, 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿಯಾಯಿತು; ಪತ್ರಿಕೆಗಳಲ್ಲೆಲ್ಲ ಅದರ ಫೋಟೊ. ಗಾಳಿಯಲ್ಲಿ ಇಷ್ಟೆಲ್ಲ ಇರುವ ಊರಿನಲ್ಲಿ ಪ್ಯಾನೆಲಿನ ಮೇಲೆ ಏನೇನು ಕೂರುತ್ತದೋ. ಒಂದೇ ತರಹದ ಎರಡು ಪುಟ್ಟ ಪ್ಯಾನೆಲ್ ಪಕ್ಕಪಕ್ಕ ಇಟ್ಟು, ಒಂದನ್ನು ವಾರಕ್ಕೊಮ್ಮೆ ಒರೆಸಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡು ತಿಂಗಳ ಅಂತರವನ್ನು ಮಂಜುನಾಥ ವಿದ್ಯಾಲಯದಂಥ ಶಾಲೆಯ ಮಕ್ಕಳು ಬರೆದರೆ ಆ ಅಂಕಿ ಬೇರೆ ಯಾರ ಹತ್ತಿರವೂ ಇರುವುದಿಲ್ಲ. ಇದನ್ನು ಮಕ್ಕಳಾಟ ಎಂದುಕೊಳ್ಳಬೇಕಾಗಿಲ್ಲ. ಐಐಟಿ ಬಾಂಬೆಯಲ್ಲಿ 2010ರಲ್ಲಿ ಸ್ಥಾಪನೆಯಾದ ಎನ್‌ಸಿಪಿಆರ್‌ಇ ಎಂಬ ಸೋಲಾರ್ ಸಂಶೋಧನಾ ಕೇಂದ್ರ ದೇಶಾದ್ಯಂತ ತಿರುಗಿ ಹಳೆಯ ಪ್ಯಾನೆಲ್‌ಗಳನ್ನು ಪರೀಕ್ಷಿಸಿತು. ನೆಲದ ಮೇಲಿನ ದೊಡ್ಡ ಸ್ಥಾವರಗಳಿಗಿಂತ ಮನೆ ಮೇಲಿನ ಸಣ್ಣವು ಬೇಗ ಸೊರಗುತ್ತವೆ ಎಂದು ಅದಕ್ಕೆ ಕಂಡುಬಂತು. ದೊಡ್ಡ ಸ್ಥಾವರಕ್ಕೆ ಎಂಜಿನಿಯರ್ ಇರುತ್ತಾನೆ. ಸೊಸೈಟಿಗೆ ಇರುವುದು ವಾಚ್‌ಮನ್.

ಅಳೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ: ಕಲ್ಯಾಣದಲ್ಲಿ ಈ ಪತ್ರಲೇಖಕನ ತಮ್ಮನ ಕಟ್ಟಡದಲ್ಲಿ ಸೋಲಾರ್ ನೀರಿನ ಹೀಟರ್ ಇದೆ. ಎರಡನೇ ಮಾಳಿಗೆಗೆ ಬಿಸಿನೀರು ಇಳಿಯುವ ಹೊತ್ತಿಗೆ ಎರಡು ಬಕೆಟ್ ತಣ್ಣೀರು ಹರಿದಿರುತ್ತದೆ. ಪೈಪಿಗೆ ಹೊದಿಕೆಯಿಲ್ಲ, ಹಿಂದಿರುಗುವ ಪೈಪೂ ಇಲ್ಲ. ಎಲ್ಲರೂ ಸೋಲಾರನ್ನು ಬೈದು ಗೀಸರ್ ಹಾಕಿಕೊಂಡರು. ಬಕೆಟ್ ಎಣಿಸಿದವರು ಮಾತ್ರ ಯಾರೂ ಇರಲಿಲ್ಲ.

ಮನೆಯೊಳಗಿನ ಲೆಕ್ಕಕ್ಕೆ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದನ್ನು ಸಂಘ ಕೊಂಡು, ಪುಸ್ತಕಾಲಯದ ಪುಸ್ತಕದಂತೆ ವಾರಕ್ಕೊಂದು ಮನೆಗೆ ಕೊಡಬಹುದು. ಗ್ರೈಂಡರ್ ದೊಡ್ಡ ಸದ್ದು ಮಾಡಿದರೂ ಇಡ್ಲಿ ಹಿಟ್ಟಿಗೆ ತಿನ್ನುವುದು ಕಡಿಮೆಯೇ. ಸದ್ದಿಲ್ಲದೆ ಹಗಲೂ ರಾತ್ರಿ ಎಳೆಯುವುದು ಹಳೆಯ ಫ್ರಿಜ್ಜು, ಆಫ್ ಮಾಡದ ಸೆಟ್‌ಟಾಪ್ ಪೆಟ್ಟಿಗೆ. ಹಳೆಯ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನು ಮೂವತ್ತರ ಆಸುಪಾಸು. ನಾಲ್ಕು ಫ್ಯಾನು ಬದಲಿಸಿದರೆ ಉಳಿಯುವ ಕರೆಂಟನ್ನು ಉತ್ಪಾದಿಸಲು ಎಷ್ಟು ಪ್ಯಾನೆಲ್ ಬೇಕಿತ್ತು ಎಂದು ಮಕ್ಕಳೇ ಗುಣಾಕಾರ ಮಾಡಲಿ.

ಗಂಭೀರವಾದ ಒಂದು ಎಚ್ಚರಿಕೆ ಇದೆ. ಟೆರೇಸಿನ ನಿಜವಾದ ಸೋಲಾರ್ ಸಾಲಿನಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವವರೆಗೂ ಅದಕ್ಕೆ ಸ್ವಿಚ್ ಆಫ್ ಎಂಬುದಿಲ್ಲ. ಮಕ್ಕಳ ಕೈ ಪುಟ್ಟ ಪ್ಯಾನೆಲಿನ ಮೇಲೆ ಮಾತ್ರ ಇರಲಿ. ದೊಡ್ಡದರಲ್ಲಿ ಕಣ್ಣು ಇಟ್ಟರೆ ಸಾಕು, ಬಳಿಯಲ್ಲಿ ತಿಳಿದವರು ನಿಂತಿರಲಿ. ತಿಳಿದವರನ್ನು ತಯಾರು ಮಾಡುವುದಕ್ಕೂ ದಾರಿಯಿದೆ: ಕೇಂದ್ರ ಸರ್ಕಾರ 2015ರಲ್ಲಿ ಶುರುಮಾಡಿದ ಸೂರ್ಯಮಿತ್ರ ತರಬೇತಿ ಸುಮಾರು ಮೂರು ತಿಂಗಳದ್ದು. ಹೋಟೆಲ್ ಬಿಟ್ಟು ಬೇರೆ ಕಸುಬು ಹುಡುಕುತ್ತಿರುವ ಹುಡುಗರಿಗೆ ಸಂಘ ಅದರ ಅರ್ಜಿ ತುಂಬಿಸಿಕೊಟ್ಟರೂ ದೊಡ್ಡ ಉಪಕಾರ. ಕರ್ನಾಟಕದಲ್ಲಿ ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೊ ಹಳ್ಳಿಹಳ್ಳಿಗೆ ಸೋಲಾರ್ ದೀಪ ಒಯ್ದದ್ದೂ, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಬಂದದ್ದೂ ಎಲ್ಲರಿಗೂ ಗೊತ್ತು. ಅದು ನಿಂತದ್ದು ಕೆಟ್ಟಾಗ ಬಂದು ರಿಪೇರಿ ಮಾಡುವ ಹತ್ತಿರದ ಊರಿನ ಹುಡುಗರ ಬಲದ ಮೇಲೆ ಎನ್ನುವುದು ಅಷ್ಟಾಗಿ ಗೊತ್ತಿಲ್ಲ.

ಡೊಂಬಿವಲಿಯ ಆ ಸೊಸೈಟಿಯಲ್ಲಿ ಟೆರೇಸಿನ ಎರಡನೇ ಕೀಲಿಕೈ ಈಗ ಬಿ ವಿಂಗಿನ ಹುಡುಗಿಯ ಮನೆಯಲ್ಲಿ, ಕ್ಯಾಲೆಂಡರ್ ತೂಗುಹಾಕಿದ ಮೊಳೆಯಲ್ಲೇ ಇದೆ. ನೋಟ್‌ಬುಕ್ ಎರಡನೆಯದಕ್ಕೆ ಬಂದಿದೆ. ಕಳೆದ ವಾರದ ಸರಾಸರಿ 37.9; ಅದಕ್ಕೂ ಹಿಂದಿನ ವಾರ 40.2 ಇತ್ತಂತೆ. ದಕ್ಷಿಣದ ಸಾಲಿನ ಮೂರು ಪ್ಯಾನೆಲ್‌ಗಳ ಮೇಲೆ ಪಾರಿವಾಳದ ಹಿಕ್ಕೆ ಕಂಡಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಕಮಿಟಿಯವರು ಬಕೆಟ್ಟು ಮಾಪು ಹಿಡಿದು ಮೇಲೆ ಬರಬೇಕೆಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅವಳ ಸೂಚನೆ ಬಿದ್ದಿದೆ.

ಇತಿ,
ನಿಮ್ಮ ಸಂಘವೊಂದರ ಆಜೀವ ಸದಸ್ಯ,
ಡೊಂಬಿವಲಿ ಪೂರ್ವ